ರೋಕಿ ಬಾಬನ ಎಣ್ಣೆ

ಮೊನ್ನೆ ಮೊನ್ನೆಯವರೆಗೂ ನಮ್ಮ ಮೂಡ್ಲಕೇರಿಯಲ್ಲಿ ಯಾರನ್ನು ನಿಲ್ಲಿಸಿ ರೋಕಿ ಬಾಬನ ಬಗ್ಗೆ ಕೇಳಿದರೂ ಒಂದೇ ಉತ್ತರ ಬರುತ್ತಿತ್ತು: "ಓ, ಆ ಎಣ್ಣೆ ಕಳ್ಳನಾ?" ನಾಗಿಯನ್ನು ಕೊಂದವನು ಅಂತಲೂ ಹೇಳುತ್ತಿದ್ದರು. ಬಾಬನಿಗೆ ಆ ಹೆಸರು ಬರುವಂತೆ ಮಾಡಿದವಳು ನಾನು. ಇದನ್ನು ಶುರುವಿನಲ್ಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರಾಯಿತು ಅಂತ ಬಿಟ್ಟರೆ ನನ್ನ ಬಾಯಿ ಮತ್ತೆ ಕಟ್ಟಿಹೋಗುತ್ತದೆ. ಒಂದು ವರ್ಷ ಅದು ಕಟ್ಟಿಕೊಂಡೇ ಇತ್ತು.

ನನ್ನ ಹೆಸರು ಕಲ್ಪನಾ. ಹೊನ್ನಾವರ ತಾಲೂಕಿನ ಈ ಊರಿಗೆ ಆಶಾ ಕಾರ್ಯಕರ್ತೆ. ಮುಂದೆ ಶರಾವತಿ, ಹಿಂದೆ ಕಾಡು, ನಡುವೆ ಗದ್ದೆ, ಅರವತ್ತು ಚಿಲ್ಲರೆ ಮನೆ. ಗರ್ಭಿಣಿಯರ ಪಟ್ಟಿ ಮಾಡುವುದು, ಮಕ್ಕಳಿಗೆ ಹನಿ ಹಾಕಿಸುವುದು, ಜ್ವರ ಬಂದವರ ರಕ್ತ ತೆಗೆಸುವುದು, ಬೈಸಿಕೊಳ್ಳುವುದು ನನ್ನ ಕೆಲಸ. ಕೊನೆಯದಕ್ಕೆ ರಜೆಯೇ ಇಲ್ಲ.

ರೋಕಿ ಲೋಪಿಸ್ ಬಾವಿ ತೋಡುವವರು. ಚಿರೆಕಲ್ಲು ಕಡಿದು, ಕೆಳಗಿನಿಂದ ಸುತ್ತ ಕಟ್ಟಿಕೊಂಡು ಬಂದು, ನೀರು ತಿಳಿಯಾದ ಮೇಲೆ ಮೊದಲ ಕೊಡವನ್ನು ಆ ಮನೆಯ ಹೆಂಗಸಿನ ಕೈಗೇ ಕೊಡುವವರು. ಊರಿನ ಅರ್ಧಕ್ಕರ್ಧ ಬಾವಿ ಅವರವು. ನಮ್ಮ ಮನೆಯದೂ ಹೌದು. ಹೆಂಡತಿ ರೆಮೇದಿ ಬಾಯಿ, ಮಕ್ಕಳಿಲ್ಲ. ಅವರ ಕೊಂಕಣಿಯಲ್ಲಿ ಗಂಡಸರಿಗೆ ಬಾಬ, ಹೆಂಗಸರಿಗೆ ಬಾಯಿ ಅನ್ನುವುದು ಮರ್ಯಾದೆ. ಊರಲ್ಲಿ ಕ್ರಿಶ್ಚಿಯನ್ನರ ಮನೆ ಹನ್ನೆರಡೇ ಇರುವುದರಿಂದ ಅವರ ದೊಡ್ಡ ಇಗರ್ಜಿ ಹೊಳೆಯಾಚೆ ಇದೆ. ನಮ್ಮಲ್ಲಿರುವುದು ಒಂದೇ ಕೋಣೆಯ ಕೊಪೆಲ್, ಪುಟ್ಟ ಪ್ರಾರ್ಥನೆಯ ಗುಡಿ ಅನ್ನಿ. ಅದರ ಬೀಗದ ಕೈ ಮೂವತ್ತು ವರ್ಷದಿಂದ ರೋಕಿ ಬಾಬನ ಸೊಂಟದಲ್ಲಿತ್ತು.

ಕೊಪೆಲಿನ ಒಳಗಿರುವುದು ಸಂತ ರೋಕ. ಒಂದು ಮೊಳ ಎತ್ತರದ ಮರದ ಮೂರ್ತಿ, ಕೈಯಲ್ಲಿ ಕೋಲು, ಅಂಗಿ ಸರಿಸಿ ತೊಡೆಯ ಹುಣ್ಣು ತೋರಿಸುತ್ತಾ ನಿಂತಿದ್ದಾನೆ. ಕಾಲ ಬುಡದಲ್ಲಿ ಬಾಯಲ್ಲಿ ರೊಟ್ಟಿ ಕಚ್ಚಿಕೊಂಡ ನಾಯಿ. ನಮ್ಮವರಿಗೆ ಅವನು 'ನಾಯಿ ಇಪ್ಪ ದೇವ್ರು'. ಮೈಮೇಲೆ ಗಾಯವಾಗಲಿ, ಕುರುವಾಗಲಿ, ಜಾತಿ ಮತ ನೋಡದೆ ಎಲ್ಲರೂ ಅಲ್ಲಿಗೆ ಹೋಗುತ್ತಿದ್ದರು. ಮೂರ್ತಿಯ ಎದುರಿನ ದೀಪದಿಂದ ಎಣ್ಣೆ ಬೆರಳಿಗೆ ತಗೊಂಡು ಮೊದಲು ದೇವರ ತೊಡೆಗೆ, ಆಮೇಲೆ ತಮ್ಮ ಮೈಗೆ ಹಚ್ಚಿಕೊಳ್ಳುವುದು ಕ್ರಮ. ಕಾಡಿಗೆ ಹೋಗುವ ಹೆಂಗಸರು ಸಣ್ಣ ಬಾಟಲಿಯಲ್ಲಿ ಮನೆಗೂ ಒಯ್ಯುತ್ತಿದ್ದರು.

ಎಣ್ಣೆ ಕೇಳಲು ಹೋದವರು ಕಥೆ ಕೇಳದೆ ವಾಪಸು ಬರುವಂತಿರಲಿಲ್ಲ. ಆರೇಳುನೂರು ವರ್ಷದ ಹಿಂದೆ ಫ್ರಾನ್ಸ್ ದೇಶದ ಸಿರಿವಂತರ ಮಗನಂತೆ ಈ ರೋಕ. ಅಪ್ಪ ಅಮ್ಮ ಸತ್ತ ಮೇಲೆ ಇದ್ದದ್ದನ್ನೆಲ್ಲ ಹಂಚಿ ರೋಮಿಗೆ ಯಾತ್ರೆ ಹೊರಟನಂತೆ. ದಾರಿಯ ಊರುಗಳಲ್ಲೆಲ್ಲ ಪ್ಲೇಗು. ಹೆತ್ತವರೇ ಮಕ್ಕಳನ್ನು ಬಿಟ್ಟು ಓಡುತ್ತಿದ್ದಾಗ ಇವನು ನಿಂತು ರೋಗಿಗಳ ಹುಣ್ಣು ತೊಳೆದನಂತೆ. ಕೊನೆಗೆ ಅವನ ತೊಡೆಗೇ ಗಡ್ಡೆ ಎದ್ದಿತು. ಬೇರೆಯವರಿಗೆ ಅಂಟೀತೆಂದು ಕಾಡಿಗೆ ಹೋಗಿ ಬಿದ್ದುಕೊಂಡ. ಆಗ ಯಾರದೋ ಮನೆಯ ನಾಯಿ ದಿನಾ ಒಂದು ರೊಟ್ಟಿ ಕಚ್ಚಿಕೊಂಡು ಬಂದು ಇವನೆದುರು ಇಡುತ್ತಿತ್ತಂತೆ. ವಾಸಿಯಾಗಿ ಸ್ವಂತ ಊರಿಗೆ ಬಂದರೆ ಗುರುತು ಹಿಡಿಯುವವರೇ ಇಲ್ಲ. ಶತ್ರುವಿನ ಗೂಢಚಾರ ಅಂತ ಜೈಲಿಗೆ ಹಾಕಿದರು. ಹಾಕಿಸಿದವನು ಸ್ವಂತ ಚಿಕ್ಕಪ್ಪ. ಇವನು ಹೆಸರು ಹೇಳಲೇ ಇಲ್ಲ, ಐದು ವರ್ಷ ಅಲ್ಲೇ ಇದ್ದು ಸತ್ತ. ಎದೆಯ ಮೇಲಿನ ಹುಟ್ಟು ಮಚ್ಚೆ ನೋಡಿದ ಮೇಲೇ ಅಯ್ಯೋ ನಮ್ಮ ಹುಡುಗ ಅಂತ ಅತ್ತರಂತೆ.

"ಹೆಸ್ರು ಹೇಳಿದ್ರೆ ಬಿಡ್ತಿದ್ರಲ್ಲ ಬಾಬ? ಎಂತಕ್ಕೆ ಹೇಳಲಿಲ್ಲ ಆ ಪುಣ್ಯಾತ್ಮ?" ಅಂತ ಒಮ್ಮೆ ಕೇಳಿದ್ದೆ. ನನಗೆ ಇಂಥ ಹಟ ಕಂಡರೆ ಸಿಟ್ಟು ಬರುತ್ತದೆ.

"ಅದೊಂದು ನಂಗೂ ಗೊತ್ತಾಗ್ಲಿಲ್ಲ ಬಾಯಿ," ಅಂದರು. "ಅಪ್ಪನೂ ಹೇಳ್ಲಿಲ್ಲ, ಪಾದ್ರಿಗಳೂ ಸರಿ ಮಾಡಿ ಹೇಳ್ಲಿಲ್ಲ."

ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ, ಕಾಡಿನಂಚಲ್ಲಿ ಮಂಗ ಸಾಯತೊಡಗಿದವು. ಮಂಗನ ಕಾಯಿಲೆ ಅಂದರೆ ನಮ್ಮ ಕಡೆ ಎಳೆ ಮಗುವಿಗೂ ಗೊತ್ತು. ಮಂಗ ಸತ್ತ ಜಾಗದಲ್ಲಿ ಅದರ ಮೈಯ ರಕ್ತ ಹೀರುವ ಉಣುಗು ನೆಲಕ್ಕೆ ಉದುರುತ್ತದೆ, ದರಕು, ಅಂದರೆ ತರಗೆಲೆ, ಗುಡಿಸಲು ಹೋದವರ ಕಾಲಿಗೆ ಹತ್ತುತ್ತದೆ, ವಾರದೊಳಗೆ ಜ್ವರ. ಗದ್ದೆಗೆ ಗೊಬ್ಬರ ಬೇಕೆಂದರೆ ಕೊಟ್ಟಿಗೆಗೆ ಒಣಗಿದ ಎಲೆ ಬೇಕು, ಹಾಗಾಗಿ ಕಾಡಿಗೆ ಹೋಗಬೇಡಿ ಅಂದರೆ ಯಾರೂ ಕೇಳುವುದಿಲ್ಲ. ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಲಿ ಅಂತ ಇಲಾಖೆಯಿಂದ ಒಂದು ಎಣ್ಣೆ ಬರುತ್ತದೆ. ಹಚ್ಚಿದರೆ ಉಣುಗು ಹತ್ತಿರ ಸುಳಿಯುವುದಿಲ್ಲ.

ಮನೆಮನೆಗೆ ಹಂಚಿದೆ. ಹದಿನೈದು ದಿನ ಬಿಟ್ಟು ನೋಡಿದರೆ ಬಾಟಲಿಗಳು ಮಾಡಿನ ಸಂದಿಯಲ್ಲಿ ಇಟ್ಟಲ್ಲೇ ಇವೆ. ಒಬ್ಬರು ಬಾಗಿಲ ತಿರುಗಣಿಗೆ ಹಾಕಿದ್ದರು, ಇನ್ನೊಬ್ಬರು ಒದ್ದೆ ಕಟ್ಟಿಗೆಗೆ ಸುರಿದು ಒಲೆ ಹಚ್ಚಿದ್ದರು. ನಾಗಿಯಂತೂ ಮುಖಕ್ಕೇ ಹೇಳಿದಳು, "ನಿನ್ ಸರ್ಕಾರದ ಎಣ್ಣೆ ಹಚ್ಚಿದ್ರೆ ಮೈಯೆಲ್ಲ ಮದ್ದಿನ ನಾತ ಮಾರಾಯ್ತಿ. ಉಣ್ಣೂಕೂ ಆಗೂದಿಲ್ಲ. ತಗೊಂಡು ಹೋಗು." ನಾಗಿ ನನ್ನ ವಾರಿಗೆಯವಳು. ಗಂಡ ಮಾದೇವ, ಮಗಳು ನೇತ್ರಾ. ದರಕು ಹೊತ್ತು ಇಳಿದು ಬರುವಾಗ ಅವಳು ಹಾಡುತ್ತಿದ್ದ ಹಾಡು ನಮ್ಮ ಅಂಗಳಕ್ಕೆ ಕೇಳುತ್ತಿತ್ತು. ಬೈದರೂ ಎರಡು ಬದನೆಕಾಯಿ ಕೈಯಲ್ಲಿ ತುರುಕಿಯೇ ಕಳಿಸುವವಳು.

ಆ ದಿನ ಸಿಟ್ಟು ತಲೆಗೇರಿ, ಬಾಟಲಿಗಳ ಚೀಲ ಹೊತ್ತು ಕೊಪೆಲಿನ ಕಟ್ಟೆಯ ಮೇಲೆ ಧೊಪ್ಪಂತ ಕೂತೆ. ಒಳಗೆ ಮೂವರು ಹೆಂಗಸರು ದೀಪದ ಎಣ್ಣೆ ತುಂಬಿಕೊಳ್ಳುತ್ತಿದ್ದರು. ನೋಡಿದೆ. ಅವರು ಹೋದ ಮೇಲೆ ರೋಕಿ ಬಾಬನಿಗೆ ಹೇಳಿದೆ: "ಬಾಬ, ಈ ಎಣ್ಣೆ ನಿಮ್ಮ ದೇವರ ಕಾಲ ಬುಡದಲ್ಲಿ ಇಡಿ. ಕೇಳಿದವರಿಗೆ ಇದನ್ನೇ ಕೊಡಿ."

ಅವರು ಚೀಲದಿಂದ ಒಂದು ಬಾಟಲಿ ತೆಗೆದು ತಿರುಗಿಸಿ ನೋಡಿದರು. "ದೇವ್ರ ಹೆಸ್ರಲ್ಲಿ ಸುಳ್ಳು ಹೇಳೂದಾ?"

"ಸುಳ್ಳು ಎಲ್ಲಿ ಬಂತು? ನಿಮ್ಮ ಸಂತ ಇವತ್ತು ಇದ್ದಿದ್ದರೆ ಎಂತ ಮಾಡುತ್ತಿದ್ದ? ಇದನ್ನೇ ಹಚ್ಚುತ್ತಿದ್ದ."

ನನ್ನ ಬಾಯಿ ಯಾವಾಗಲೂ ಹೀಗೆ. ಬಾಬ ಬಾಟಲಿ ತಗೊಂಡರು.

ಮಾರನೇ ವಾರದಿಂದ ಊರು ಊರೇ ಹಚ್ಚಿತು. ನನ್ನ ಕೈಯಲ್ಲಿದ್ದಾಗ ಮೂಗು ಮುಚ್ಚಿಕೊಂಡವರು ಅಲ್ಲಿ ಅದೇ ವಾಸನೆಯನ್ನು ಕಣ್ಣುಮುಚ್ಚಿ ಎಳೆದುಕೊಂಡರು. "ಈ ಸಲ ದೇವ್ರೆಣ್ಣೆಗೆ ಮದ್ದಿನ ಪರಿಮಳ ಬತ್ತದೆ, ಎಂತ ಶಕ್ತಿ ನೋಡು!" ಅಂತ ನಾಗಿಯೇ ನನಗೆ ಹೇಳಿದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆದೆ. ಆ ಬೇಸಿಗೆ ಅಕ್ಕಪಕ್ಕದ ಊರುಗಳಲ್ಲಿ ಜ್ವರ, ನಮ್ಮಲ್ಲಿ ಒಬ್ಬರಿಗೂ ಇಲ್ಲ. ಮೇಲಿನವರು ಸಭೆಯಲ್ಲಿ ನನ್ನ ಹೆಸರು ಎತ್ತಿ ಹೊಗಳಿದರು. ನಾನು ಉಬ್ಬಿಹೋದೆ.

ಮರುವರ್ಷ ಎಣ್ಣೆ ಬರುವುದು ತಡವಾಯಿತು. ಉಳಿದದ್ದು ಫೆಬ್ರವರಿಯ ಮೊದಲ ವಾರಕ್ಕೇ ಮುಗಿಯಿತು. ನನ್ನನ್ನು ತರಬೇತಿಗೆ ಅಂತ ಕುಮಟೆಗೆ ಹಾಕಿದ್ದರು. ಅಲ್ಲಿರುವಾಗ ಫೋನು ಬಂತು.

"ಬಾಯಿ, ಬಾಟ್ಲಿ ಖಾಲಿ. ಜನ ಬಾಗಿಲಲ್ಲಿ ಇದ್ದಾರೆ. ಎಂತ ಹೇಳ್ಲಿ?"

ಪಾಠ ನಡೆಯುತ್ತಿತ್ತು, ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಿದ್ದರು. "ಎರಡು ದಿನ ತೆಂಗಿನೆಣ್ಣೆನೇ ಕೊಡಿ ಬಾಬ. ಇಲ್ಲ ಅಂದರೆ ಯಾಕೆ ಇಲ್ಲ ಅಂತ ಕೇಳ್ತಾರೆ, ಎಲ್ಲ ಹೊರಗೆ ಬತ್ತದೆ. ಎರಡೇ ದಿನ. ನಾ ಬಂದು ತಂದುಕೊಡ್ತೆ," ಅಂತ ಪಿಸುಗುಟ್ಟಿ ಫೋನು ಇಟ್ಟೆ.

ಇಲಾಖೆಯಿಂದ ಎಣ್ಣೆ ಬರಲಿಲ್ಲ, ಎರಡು ದಿನ ಹನ್ನೊಂದು ದಿನವಾಯಿತು. ಕಾಡಿಗೆ ಹೋಗಬೇಡಿ ಅಂತಾದರೂ ಹೇಳಿಸಬಹುದಿತ್ತು. ನನಗೆ ಹೊಳೆಯಲಿಲ್ಲ ಅಂತ ಬರೆದರೆ ಅದೂ ಸುಳ್ಳು. ಹೊಳೆದಿತ್ತು, ಕಾರಣ ಕೇಳಿದರೆ ಎಂಬ ಹೆದರಿಕೆಗೆ ನುಂಗಿಕೊಂಡೆ.

ನಾಗಿಗೆ ಜ್ವರ ಬಂದ ನಾಲ್ಕನೇ ದಿನಕ್ಕೆ ಒಸಡಿನಿಂದ ರಕ್ತ. ದೊಡ್ಡ ಆಸ್ಪತ್ರೆಗೆ ದಕ್ಷಿಣಕ್ಕೆ ಒಯ್ಯಬೇಕು ಅಂತ ಆಂಬುಲೆನ್ಸ್ ತರಿಸಿದೆ, ನಾನೂ ಹತ್ತಿದೆ. ಮಾದೇವ ಅವಳ ಪಾದ ಹಿಡಿದುಕೊಂಡು ಕೂತಿದ್ದ. ದಾರಿಯಲ್ಲಿ ಅವಳು ಒಂದೇ ಮಾತು ಆಡಿದಳು. "ರೋಕಣ್ಣಂಗೆ ಕೇಳ್ದೆ, ಈ ಸಲ ಎಣ್ಣೆಗೆ ವಾಸ್ನೆ ಇಲ್ಲ ಅಲ್ದಾ ಅಂತ. ಹಚ್ಕೊಳ್ಳೇ ತಂಗಿ ಅಂದ." ಭಟ್ಕಳ ದಾಟುವ ಮೊದಲೇ ಜೀವ ಹೋಯಿತು.

ಮೂರನೇ ದಿನ ಕೊಪೆಲಿನ ಅಂಗಳದಲ್ಲಿ ಊರು ಸೇರಿತು. ಆರೋಗ್ಯ ಕೇಂದ್ರದ ಡಾಕ್ಟರರೂ ಬಂದಿದ್ದರು. ಮೂರ್ತಿಯ ಕಾಲ ಬುಡದಿಂದ ಬಾಟಲಿ ತೆಗೆದು ಮೂಸಿ ನೋಡಿ, "ಇದು ಬರೀ ತೆಂಗಿನೆಣ್ಣೆ. ಪಕ್ಕದಲ್ಲಿರುವ ಖಾಲಿ ಬಾಟಲಿಗಳು ಇಲಾಖೆಯವು. ಇಲ್ಲಿಗೆ ಹೇಗೆ ಬಂದವು?" ಅಂದರು. ಮಾದೇವ ರೋಕಿ ಬಾಬನ ಅಂಗಿ ಹಿಡಿದ.

"ಯಾರು ಹೇಳಿದ್ರಾ ನಿಂಗೆ? ಯಾರ ಮಾತು ಕೇಳಿ ಹೀಂಗೆ ಮಾಡ್ದೆ? ಹೇಳು!"

ನಾನು ಹತ್ತು ಹೆಜ್ಜೆ ದೂರದಲ್ಲಿ ರಿಜಿಸ್ಟರು ಎದೆಗೆ ಅವಚಿಕೊಂಡು ನಿಂತಿದ್ದೆ. ಬಾಬ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಯಾರೂ ಹೇಳ್ಲಿಲ್ಲ. ಬಾಟ್ಲಿ ಅವ್ರಿವ್ರು ಬಿಸಾಡಿದ್ದು ಹೆಕ್ಕಿ ತಂದೆ. ಮುಗೀತು. ನಾನೇ ತೆಂಗಿನೆಣ್ಣೆ ಹಾಕ್ದೆ."

ಮಾದೇವ ಹೊಡೆದ. ಬಾಬ ಕೈ ಎತ್ತಲಿಲ್ಲ. ಆ ಭಾನುವಾರ ಪಾದ್ರಿಗಳು ಬೀಗದ ಕೈ ತಗೊಂಡರು.

ಆ ವಾರವೇ ನಾನು ಅವರ ಮನೆಯ ಹಿತ್ತಲಿಗೆ ಹೋಗಿ, ಎಲ್ಲ ಹೇಳಿಬಿಡುತ್ತೇನೆ ಬಾಬ, ಅಂತ ಅತ್ತೆ. ಅವರು ಬಚ್ಚಲ ಕಲ್ಲಿನ ಮೇಲೆ ಕೂತು ತುಟಿಯ ಗಾಯ ತೊಳೆಯುತ್ತಿದ್ದರು.

"ಈಗ ಜನ ನಿನ್ನ ಎಣ್ಣೆ ಹಚ್ತಾ ಇದ್ದಾರಾ ಇಲ್ವಾ?"

ಹಚ್ಚುತ್ತಿದ್ದರು. ನಾಗಿ ಸತ್ತ ಮೇಲೆ ಬಾಗಿಲಿಗೆ ಬಂದು ಕೇಳಿ ಒಯ್ಯುತ್ತಿದ್ದರು.

"ನೀ ಹೇಳಿದ್ರೆ ನಾಳೆಯಿಂದ ನಿನ್ನ ಕೈಯಿಂದ ಜ್ವರದ ಗುಳಿಗೆ ಸಹ ಯಾರೂ ತಗೊಳ್ಳೂದಿಲ್ಲ. ಇನ್ನೆಷ್ಟು ಜನ ಸಾಯ್ಬೇಕು? ನಂಗೆ ಕಳ್ಳ ಅಂದ್ರೆ ಅನ್ಲಿ. ನಾಗಿಗೆ ಹಚ್ಕೊ ಅಂದದ್ದು ನಾನೇ ಅಲ್ವಾ ಬಾಯಿ."

ನನಗೆ ಸಮಾಧಾನವಾಯಿತು. ಆದದ್ದು ಅದೇ. ಕಣ್ಣೊರೆಸಿಕೊಂಡೆ, ಎದೆ ಹಗುರವಾಯಿತು. ಹೊರಡುವಾಗ ಇನ್ನೊಂದು ಮಾತನ್ನೂ ಸೇರಿಸಿದೆ: "ಇನ್ನು ಫೋನ್ ಮಾಡಬೇಡಿ ಬಾಬ. ಯಾರಾದರೂ ನೋಡಿದರೆ ಕಷ್ಟ."

ಆತು, ಅಂದರು.

ಬಾವಿ ಕೆಲಸಕ್ಕೆ ಕರೆಯುವುದು ನಿಂತಿತು. ಅವರು ತೋಡಿದ ಬಾವಿಯಿಂದ ನೀರು ಸೇದುತ್ತಲೇ ಇರುವ ಜನ, ಅವರು ಅಂಗಡಿಗೆ ಬಂದರೆ ಎದ್ದು ಆಚೆ ಹೋಗುತ್ತಿದ್ದರು. ಬಸ್ಸು ಹಿಡಿದು ಮಿರ್ಜಾನಕ್ಕೆ ಹೋಗಿ ಅಲ್ಲಿ ಕಲ್ಲು ಕಡಿದರು, ಶನಿವಾರ ಮನೆಗೆ ಬರುತ್ತಿದ್ದರು. ರೆಮೇದಿ ಬಾಯಿಗೆ ಮೀನು ಕೊಡುವವಳು ಬುಟ್ಟಿಯನ್ನು ಆ ಮನೆಯೆದುರು ಇಳಿಸುವುದನ್ನೇ ಬಿಟ್ಟಳು. ನಾನು ಎಲ್ಲ ನೋಡಿದೆ. ದಾರಿಯಲ್ಲಿ ಸಿಕ್ಕರೆ ನಾನೂ ಮುಖ ತಿರುಗಿಸಿದೆ.

ಕಳೆದ ಡಿಸೆಂಬರಿನಲ್ಲಿ ಮತ್ತೆ ಮಂಗ ಸತ್ತವು. ಬಾಬ ಮಿರ್ಜಾನದ ಕೆಲಸ ಬಿಟ್ಟು ಬಂದರು. ಬೆಳಿಗ್ಗೆ ಬೆಳಿಗ್ಗೆ ಒಬ್ಬರೇ ಕಾಡಿಗೆ ಹೋಗುತ್ತಿದ್ದರು. ಸ್ವಲ್ಪ ದಿನಕ್ಕೆ ದರಕಿನ ದಾರಿಯ ಮರಗಳಲ್ಲಿ ಕೆಂಪು ಬಟ್ಟೆಯ ಚೂರು ಕಾಣಿಸತೊಡಗಿದವು, ಎದೆಯೆತ್ತರಕ್ಕೆ ಕಟ್ಟಿದ್ದು. ಮಂಗ ಸತ್ತ ಜಾಗ ಹುಡುಕಿ ಗುರುತು ಮಾಡುತ್ತಿದ್ದರು, ಆಚೆ ಹೋಗಬೇಡಿ ಅಂತ. ನನಗೆ ಫೋನು ಮಾಡಿದ್ದರೆ ನಾನು ಅಲ್ಲಿಗೆ ಉಣುಗು ಸಾಯುವ ಪುಡಿ ಹೊಡೆಸುತ್ತಿದ್ದೆ. ಮಾಡಬೇಡಿ ಅಂದವಳು ನಾನೇ.

ಊರವರಿಗೆ ಕೆಂಪು ಬಟ್ಟೆ ಕಂಡರೆ ಬೇರೆಯೇ ಅರ್ಥ. "ಹೆಂಗಸನ್ನ ಕೊಂದದ್ದು ಸಾಲ್ಲಿಲ್ಲ, ಈಗ ಮಾಟ ಮಾಡ್ತಾ ಇದ್ದ," ಅಂತ ಮಾದೇವ ಕತ್ತಿ ಹಿಡಿದು ಹೋಗಿ ಒಂದೊಂದನ್ನೂ ಕೊಯ್ದು ತಂದ. ಅದು ಎಂತಕ್ಕೆ ಕಟ್ಟಿದ್ದು ಅಂತ ನೋಡಿದ ಕೂಡಲೇ ನನಗೆ ತಿಳಿದಿತ್ತು. ಹೇಳಲಿಲ್ಲ. ಬಾಬನ ಪರವಾಗಿ ಒಂದು ಮಾತು ಆಡಿದರೂ ಇವಳಿಗೇನು ಸಂಬಂಧ ಅನ್ನುತ್ತಾರಲ್ಲ, ಆ ಭಯ.

ಜನವರಿಯಲ್ಲಿ ಬಾಬನಿಗೆ ಜ್ವರ ಬಂತು. ನಾಲ್ಕನೇ ದಿನ ರೆಮೇದಿ ಬಾಯಿ ಹೇಳಿಕಳಿಸಿದರು. ಆಂಬುಲೆನ್ಸ್ ತರಿಸಿದೆ, ಕಾಗದ ಬರೆದುಕೊಟ್ಟೆ, ಆದರೆ ಹೊಸ್ತಿಲು ದಾಟಲಿಲ್ಲ. ಬೇಲಿಯಾಚೆ ಜನ ನಿಂತು ನೋಡುತ್ತಿದ್ದರು. ಆ ನಾಲ್ಕು ದಿನ ಆ ಮನೆಯಲ್ಲಿ ಒಲೆ ಹೊತ್ತಿತ್ತೋ ಇಲ್ಲವೋ, ಯಾರೂ ಒಂದು ಲೋಟ ಗಂಜಿ ಒಯ್ಯಲಿಲ್ಲ. ಅವರ ಸಂತನಿಗೆ ಕಾಡಿನಲ್ಲಿ ನಾಯಿಯಾದರೂ ರೊಟ್ಟಿ ತಂದುಕೊಟ್ಟಿತು. ನಾನು ನಾಯಿಗಿಂತ ಕಡೆಯಾದೆ.

ಬಾಬ ಆಸ್ಪತ್ರೆಯಲ್ಲಿ ಆರನೇ ದಿನ ತೀರಿಕೊಂಡರು. ಹೊಳೆಯಾಚೆಯ ಇಗರ್ಜಿಯಲ್ಲಿ ಮಣ್ಣು ಮಾಡಿದರು. ನಮ್ಮ ಊರಿಂದ ಹೋದವರು ಎಂಟು ಜನ. ನಾನು ಅವತ್ತು ತೂಕದ ತಕ್ಕಡಿ ಹಿಡಿದು ಮಕ್ಕಳ ತೂಕ ನೋಡುತ್ತಿದ್ದೆ.

ಮೂವತ್ತನೇ ದಿನದ ಪೂಜೆ ಕೊಪೆಲಿನಲ್ಲಿ ಆಯಿತು. ಹೋದೆ. ಯಾಕೆ ಆ ದಿನವೇ ಅಂದರೆ, ಹಿಂದಿನ ಸಂಜೆ ನೇತ್ರಾ ತಾಯಿಯ ದರಕಿನ ಹೆಡಿಗೆ ಹಿಡಿದು ಕಾಡಿನ ದಾರಿ ಹತ್ತುವುದು ನೋಡಿದ್ದೆ. ಅವಳು ನಡೆಯುತ್ತಿದ್ದ ದಾರಿಯಲ್ಲಿ ಒಂದು ಚೂರು ಕೆಂಪೂ ಉಳಿದಿರಲಿಲ್ಲ.

ಪಾದ್ರಿಗಳು ಹೊರಟ ಮೇಲೆ ಹನ್ನೆರಡು ಮನೆಯವರೆದುರು ನಿಂತು ಎಲ್ಲ ಹೇಳಿದೆ. ಎಣ್ಣೆ ಇಡಿಸಿದ್ದು ನಾನು, ತೆಂಗಿನೆಣ್ಣೆ ಕೊಡಿ ಅಂದದ್ದೂ ನಾನು, ಬಾಬ ನನ್ನ ಹೆಸರು ಹೇಳಲಿಲ್ಲ. ಹೇಳುತ್ತಾ ಅತ್ತೆ. ರೆಮೇದಿ ಬಾಯಿ ಅಳಲಿಲ್ಲ.

"ನಂಗೆ ಗೊತ್ತಿತ್ತು," ಅಂದರು. "ಫೋನ್ ಮಾಡುವಾಗ ನಾ ಪಕ್ಕದಲ್ಲೇ ಕೂತಿದ್ದೆ. ಅವ್ರು ಜೀವ ಇಪ್ಪಾಗ ನೀ ಬಾಯಿ ಬಿಡ್ತೆ ಅಂತ ದಿನಾ ಕಾದೆ. ಈಗ ಇಲ್ಲಿ ಎಂತಕ್ಕೆ ಹೇಳ್ತೆ? ನಾಗಿ ಮನೇಲಿ ಹೋಗಿ ಹೇಳು."

ಹೋದೆ. ಮಾದೇವ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ಪೂರ್ತಿ ಕೇಳಿದ. ಕೊಡಲಿ ಎತ್ತುತ್ತಾನೆ ಅಂದುಕೊಂಡೆ, ಎತ್ತಿದರೂ ಆಗಲಿ ಅನ್ನಿಸಿತ್ತು. "ಹೋಗು" ಅಂದ, ಅಷ್ಟೆ. ಮರದ ಬಟ್ಟೆ ಮಾಟದ್ದಲ್ಲ ಅಂತಲೂ ಹೇಳಿ ಬಂದೆ.

ಕತ್ತಲಾಗುವುದರೊಳಗೆ ಊರಿಗೆಲ್ಲ ಸುದ್ದಿ. ಮಾರನೇ ದಿನ ಎಣ್ಣೆ ಬಾಟಲಿಗಳ ಚೀಲ ಹೊತ್ತು ಹೊರಟೆ. ಬಾಬ ಹೇಳಿದ್ದೇ ಆಯಿತು. ಮೊದಲ ಮನೆಯಲ್ಲಿ ಬಾಗಿಲು ಮುಚ್ಚಿದರು. ಎರಡನೆಯದರಲ್ಲಿ, "ಇದರಲ್ಲಿ ಎಂತ ತುಂಬಿಸಿ ತಂದ್ಯೇ?" ಅಂತ ಕೇಳಿದರು. ಏಳು ಮನೆ ತಿರುಗಿ ಒಂದು ಬಾಟಲಿಯೂ ಖರ್ಚಾಗಲಿಲ್ಲ. ಮಾದೇವನ ಮನೆಯೆದುರು ತಲೆ ತಗ್ಗಿಸಿ ದಾಟಿ ಹೋಗುತ್ತಿದ್ದೆ.

"ನಿಲ್ಲು," ಅಂದ. ಅಂಗಳಕ್ಕೆ ಇಳಿದು ಬಂದ. "ಮೊದ್ಲು ನೀ ಹಚ್ಕೊ. ನನ್ನೆದ್ರಿಗೆ."

ಬಾಟಲಿ ಬಿಚ್ಚಿ ಕೈಗೆ, ಕಾಲಿಗೆ, ಕುತ್ತಿಗೆಗೆ ಹಚ್ಚಿಕೊಂಡೆ. ಅವನು ನನ್ನ ಮಣಿಕಟ್ಟು ಹಿಡಿದು ಮೂಗಿನ ಹತ್ತಿರ ಎಳೆದುಕೊಂಡು ಮೂಸಿದ. ಒಮ್ಮೆ ಅಲ್ಲ, ಎರಡು ಸಲ. ಆಮೇಲೆ ನೇತ್ರಾಳನ್ನು ಕರೆದು ಬಾಟಲಿ ಅವಳ ಕೈಗೆ ಕೊಟ್ಟ. ಆಚೆ ಮನೆಯವರು ಬೇಲಿಯ ಮೇಲಿಂದ ನೋಡುತ್ತಿದ್ದರು. ಈಗ ಪ್ರತಿ ಮನೆಯಲ್ಲೂ ಅದೇ ಕ್ರಮವಾಗಿದೆ: ನಾನು ಹಚ್ಚಿಕೊಳ್ಳಬೇಕು, ಅವರು ಮೂಸಬೇಕು, ಆಮೇಲೆ ತಗೊಳ್ಳುತ್ತಾರೆ. ಸಂಜೆಗೆ ನನ್ನ ಮೈ ಉರಿಯುತ್ತದೆ. ಉರಿಯಲಿ.

ಆ ದಿನ ನಾನು ಹೊರಡಬೇಕೆನ್ನುವಾಗ ಮಾದೇವ ಒಳಗೆ ಹೋಗಿ, ಅಟ್ಟದಿಂದ ಒಂದು ಗಂಟು ಇಳಿಸಿ ತಂದ. ಬಿಚ್ಚಿದರೆ ಕೆಂಪು ಚೂರುಗಳು, ಇಪ್ಪತ್ತೋ ಇಪ್ಪತ್ತೈದೋ. ಅಷ್ಟು ಹತ್ತಿರದಿಂದ ನಾನು ಅವನ್ನು ನೋಡಿರಲಿಲ್ಲ. ಒಂದರ ಅಂಚಿನಲ್ಲಿ ಜರಿ ಇತ್ತು. ರೆಮೇದಿ ಬಾಯಿಯ ಸಾಡೊ ಅದು, ಮದುವೆಯ ದಿನ ಉಟ್ಟು, ಮತ್ತೆ ಪೆಟ್ಟಿಗೆಯಲ್ಲಿ ಮಡಚಿಟ್ಟು ಕಾಪಾಡುವ ಕೆಂಪು ಸೀರೆ. ಹರಿದು ಹರಿದು ಬಾಬನ ಕೈಗೆ ಕೊಟ್ಟಿದ್ದರು.

ಮಾದೇವ ಗಂಟಿನೆದುರು ಕುಕ್ಕರುಗಾಲಲ್ಲಿ ಕೂತ. ಒಂದು ಚೂರು ಎತ್ತಿ ನೋಡಿದ, ಕೆಳಗಿಟ್ಟ, ಇನ್ನೊಂದು ಎತ್ತಿದ.

"ವಾಪಸ್ ಕಟ್ಟಿ ಬಪ್ಪ ಅಂದ್ರೆ," ಅಂದ, "ಯಾವ್ದು ಯಾವ ಮರದ್ದು ಅಂತ ನಂಗೆ ನೆನಪಿಲ್ಲ ಕಲ್ಪನಾ. ನಿಂಗೆ ಗೊತ್ತಾ?"

ನನಗೂ ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ ಫೋನು ಮಾಡಬೇಡಿ ಅಂದಿದ್ದೆ.